ಕೈತೋಟ ಪ್ರಶ್ನೋತ್ತರ: ಮಣ್ಣಿಲ್ಲದ ಬೇಸಾಯದ ತೊಟ್ಟಿಗೆ ಬೇಸಿಗೆಯ ಕಾವು

ಪ್ರಶ್ನೆ: ಮನೆಯ ತಾರಸಿಯಲ್ಲಿ ಪಿವಿಸಿ ಪೈಪುಗಳಿಗೆ ರಂಧ್ರ ಕೊರೆದು, 50 ಲೀಟರಿನ ಕಪ್ಪು ಡ್ರಮ್ಮಿನಿಂದ ಪೋಷಕಾಂಶದ ನೀರು ಹರಿಯುವಂತೆ ಮಾಡಿ, ದೀಪಾವಳಿಯ ನಂತರ ಲೆಟ್ಯೂಸ್, ಪಾಲಕ್ ಮತ್ತು ಪುದೀನ ಬೆಳೆಯುತ್ತಿದ್ದೇನೆ. ಶಿವರಾತ್ರಿಯವರೆಗೂ ಎಲ್ಲವೂ ಸೊಂಪಾಗಿತ್ತು. ಈಗ ಮಧ್ಯಾಹ್ನ ಮೂರು ಗಂಟೆಗೆ ನೀರಿನ ತಾಪ 33 ಡಿಗ್ರಿ ತೋರಿಸುತ್ತದೆ. ನೀರು ಹರಿಯುತ್ತಿದ್ದರೂ ಗಿಡಗಳು ಬಾಡುತ್ತಿವೆ, ಬೇರು ಕಂದು ಬಣ್ಣಕ್ಕೆ ತಿರುಗಿದೆ. ಐಸ್ ಹಾಕಬಹುದೇ? ನೀರು ತಣಿಸುವ ಯಂತ್ರವಾದ ಚಿಲ್ಲರ್ ಕೊಳ್ಳಲೇಬೇಕೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಗಿಡಗಳು ಬಾಡುತ್ತಿರುವುದು ನೀರಿಲ್ಲದೆ ಅಲ್ಲ, ಬೇರಿಗೆ ಉಸಿರಾಡಲು ಆಮ್ಲಜನಕ ಸಾಲದೆ. ಸಮುದ್ರಮಟ್ಟದ ಲೆಕ್ಕದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಸುಮಾರು 600 ಮೀಟರ್ ಎತ್ತರದಲ್ಲಿರುವ ದಾವಣಗೆರೆಯಲ್ಲಿ ಇನ್ನೂ ತುಸು ಕಡಿಮೆಯೇ. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ತಾಪ ಹತ್ತು ಡಿಗ್ರಿ ಏರಿದಾಗ ಬೇರಿನ ಉಸಿರಾಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೇಡಿಕೆ ಏರಿ ಪೂರೈಕೆ ಇಳಿದ ಈ ಹೊತ್ತಿನಲ್ಲೇ ಪಿಥಿಯಂ ಎಂಬ ಬೇರುಕೊಳೆ ರೋಗಾಣು ಒಳಹೊಗುತ್ತದೆ. ಒಂದು ಗಿಡವನ್ನು ಮೆಲ್ಲಗೆ ಮೇಲೆತ್ತಿ, ಕಂದಾದ ಬೇರೊಂದನ್ನು ಎರಡು ಬೆರಳ ನಡುವೆ ಹಿಡಿದು ಎಳೆದು ನೋಡಿ. ಮೇಲಿನ ಸಿಪ್ಪೆ ಕಾಲುಚೀಲದಂತೆ ಜಾರಿ ಬಂದು, ಒಳಗೆ ಬಿಳಿ ನೂಲಿನಂಥ ಎಳೆಯೊಂದೇ ಉಳಿದರೆ ಬೇರುಕೊಳೆ ಹಿಡಿದಿದೆ ಎಂದೇ ತಿಳಿಯಿರಿ. ಅಂಥ ಗಿಡಗಳನ್ನು ತೆಗೆದುಹಾಕಿ, ಡ್ರಮ್ಮು ಮತ್ತು ಪೈಪುಗಳನ್ನು ಬ್ಲೀಚಿಂಗ್ ಪುಡಿ ಕರಗಿಸಿದ ನೀರಿನಿಂದ ತೊಳೆದು, ವಾಸನೆ ಹೋಗುವವರೆಗೆ ಜಾಲಿಸಿದ ಮೇಲೆಯೇ ಹೊಸ ನೀರು ತುಂಬಬೇಕು.

ಐಸ್ ವಿಚಾರಕ್ಕೆ ಬರೋಣ. ಗಡ್ಡೆಯನ್ನು ನೇರವಾಗಿ ಹಾಕಿದರೆ ಪೋಷಕಾಂಶ ತೆಳುವಾಗುತ್ತದೆ, ಆದ್ದರಿಂದ ನೀರು ಹೆಪ್ಪುಗಟ್ಟಿಸಿದ ಮುಚ್ಚಿದ ಬಾಟಲಿಯೇ ಸರಿ. ಆದರೆ ಒಂದು ಕಿಲೋ ಐಸ್ ಕರಗಿ 25 ಡಿಗ್ರಿಗೆ ಬರುವಷ್ಟರಲ್ಲಿ ನಿಮ್ಮ 50 ಲೀಟರನ್ನು ತಣಿಸುವುದು ಎರಡು ಡಿಗ್ರಿಯಷ್ಟು ಮಾತ್ರ, ಅಷ್ಟನ್ನು ತಾರಸಿಯ ಬಿಸಿಲು ಬೇಗನೆ ಮರಳಿ ತುಂಬಿಬಿಡುತ್ತದೆ. ಕಾವು ಒಳಬರುವ ದಾರಿಗಳನ್ನು ಮುಚ್ಚದೆ ಐಸ್ ಹಾಕುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಚಿಲ್ಲರ್ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಇಷ್ಟು ಚಿಕ್ಕ ತೊಟ್ಟಿಗೆ ಅದರ ಖರ್ಚು ಬೇಡ.

ಹಾಗಾದರೆ ಕಾವು ಎಲ್ಲಿಂದ ಬರುತ್ತಿದೆ? ನಾಳೆ ಮಧ್ಯಾಹ್ನ ಎರಡು ಗಂಟೆಗೆ ಡ್ರಮ್ಮಿನೊಳಗಿನ ನೀರಿನ ತಾಪವನ್ನೂ, ಪೈಪಿನ ಕೊನೆಯಿಂದ ಮರಳಿ ಬೀಳುವ ನೀರಿನ ತಾಪವನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಮರಳಿ ಬರುವ ನೀರು ಎರಡು ಮೂರು ಡಿಗ್ರಿ ಹೆಚ್ಚು ಬಿಸಿಯಿದ್ದರೆ, ಎಲ್ಲರೂ ಡ್ರಮ್ಮನ್ನು ದೂರುವ ಹೊತ್ತಿನಲ್ಲಿ ನಿಜವಾದ ಒಲೆ ನಿಮ್ಮ ಪೈಪುಗಳೇ ಆಗಿರುತ್ತವೆ, ಏಕೆಂದರೆ ಅವುಗಳಲ್ಲಿ ನೀರು ತೆಳುವಾಗಿ ಹರಡಿ, ಕಾದ ಪ್ಲಾಸ್ಟಿಕ್ಕಿನ ಮೈ ಸವರಿಕೊಂಡೇ ಸಾಗುತ್ತದೆ. ಪೈಪುಗಳ ಮೇಲೆ 50 ಶೇಕಡಾ ನೆರಳಿನ ಬಲೆಯನ್ನು, ಗಾಳಿಯಾಡಲು ಸಾಕಷ್ಟು ಎತ್ತರದಲ್ಲಿ ಕಟ್ಟಿಸಿ. ಡ್ರಮ್ಮಿನ ಕಪ್ಪು ಬಣ್ಣ ಬೆಳಕನ್ನು ತಡೆದು ಪಾಚಿಯನ್ನು ದೂರವಿಡುತ್ತದೆ, ಆದರೆ ಬಿಸಿಲನ್ನು ಹೀರುತ್ತದೆ. ಅದರ ಮೇಲೆಯೇ ಎರಡು ಕೈ ಬಿಳಿ ಬಣ್ಣ ಬಳಿದರೆ ಎರಡೂ ಕೆಲಸ ಆಗುತ್ತವೆ. ಕಾದ ಕಾಂಕ್ರೀಟಿನ ಮೇಲೆ ಡ್ರಮ್ಮನ್ನು ನೇರವಾಗಿ ಇಡದೆ, ಇಟ್ಟಿಗೆಯ ಮೇಲೆ ಥರ್ಮೋಕೋಲ್ ಹಾಳೆ ಹಾಸಿ ಇಡಿ. ಮುಳುಗು ಪಂಪನ್ನೂ ಮರೆಯಬೇಡಿ. 40 ವ್ಯಾಟ್ ಪಂಪಿನ ಶಾಖ ಹೊರಹೋಗಲು ದಾರಿ ಇಲ್ಲದಿದ್ದರೆ, ಅದೊಂದೇ 50 ಲೀಟರ್ ನೀರನ್ನು ಗಂಟೆಗೆ 0.7 ಡಿಗ್ರಿಯಂತೆ ಏರಿಸಬಲ್ಲದು, ಆದ್ದರಿಂದ ಅಗತ್ಯಕ್ಕಿಂತ ದೊಡ್ಡ ಪಂಪ್ ಬೇಡ. ಗಾಳಿ ಊದುವ ಪಂಪನ್ನು ಬಿಸಿಲಿನಲ್ಲಿಡದೆ, ನೆರಳಿನ ಗಾಳಿಯನ್ನು ಎಳೆದುಕೊಳ್ಳುವ ಕಡೆ ಇಡಿ.

ಇಷ್ಟರ ಮೇಲೆ ತಣಿಸುವ ಮಾತು. ನಳದ ನೀರಿಗೆ ಸರದಿ ಕಾಯುವ ನಮ್ಮ ಊರಿನ ಮನೆಗಳಲ್ಲಿ ನೆಲದಡಿಯ ಸಂಪು ಸಾಮಾನ್ಯ, ಮತ್ತು ಏಪ್ರಿಲ್ ಮಧ್ಯಾಹ್ನದಲ್ಲೂ ಅದರ ನೀರು ಕೈಗೆ ತಣ್ಣಗೆ ಹತ್ತುತ್ತದೆ. ಡ್ರಮ್ಮನ್ನು ಅಗಲವಾದ ಟಬ್ಬಿನೊಳಗಿಟ್ಟು, ಸುತ್ತಲೂ ಸಂಪಿನ ನೀರು ತುಂಬಿ, ಮಧ್ಯಾಹ್ನ ಒಮ್ಮೆ ಬದಲಿಸಿ. ತೆಗೆದ ನೀರು ತೆಂಗಿಗೋ ಹೂಗಿಡಕ್ಕೋ ಆಗುತ್ತದೆ. ಪೋಷಕಾಂಶದ ಕೊಳವೆಯನ್ನೇ ಸಂಪಿನೊಳಗೆ ಸುತ್ತಿ ಇಳಿಬಿಡುವವರಿದ್ದಾರೆ. ಕುಡಿಯುವ ನೀರಿನ ಸಂಪಾದರೆ ದಯವಿಟ್ಟು ಹಾಗೆ ಮಾಡಬೇಡಿ, ಒಂದು ಸಣ್ಣ ಸೋರಿಕೆಯಾದರೂ ಮನೆಮಂದಿ ಕುಡಿಯುವ ನೀರಿಗೆ ನೈಟ್ರೇಟ್ ಸೇರುತ್ತದೆ. ಬೇರೆಲ್ಲಿಯಾದರೂ ತಣಿಸುವ ಸುರುಳಿ ಬಳಸುವುದಾದರೆ ತಾಮ್ರದ್ದು ಬೇಡ. ಹುಳಿಯಾದ ಪೋಷಕಾಂಶದ ನೀರಿನಲ್ಲಿ ತಾಮ್ರ ಕರಗಿ ಬೇರಿಗೆ ವಿಷವಾಗುತ್ತದೆ.

ಪುಸ್ತಕಗಳು ಹೇಳುವ 18ರಿಂದ 22 ಡಿಗ್ರಿ ನಮ್ಮ ಬೇಸಿಗೆಯಲ್ಲಿ ಕಷ್ಟ. ನಡುಹಗಲು 26 ಡಿಗ್ರಿ ದಾಟದಂತೆ ನೋಡಿಕೊಂಡರೆ ಪಾಲಕ್ ಮತ್ತು ಪುದೀನ ಉಳಿಯುತ್ತವೆ. ಲೆಟ್ಯೂಸ್ ಮಾತ್ರ ಗಾಳಿಯ ಬಿಸಿಗೇ ಹೂದಂಟು ಬಿಟ್ಟು ಕಹಿಯಾಗುವುದರಿಂದ, ಅದರ ಜಾಗದಲ್ಲಿ ಮಳೆಗಾಲದವರೆಗೆ ಬಸಳೆ ಅಥವಾ ಹರಿವೆ ಹಾಕಿ.

ಪ್ರಶ್ನೆ: ಕುಡಿಯುವ ನೀರು ಮಣ್ಣಿನ ಗಡಿಗೆಯಲ್ಲಿ ತಣ್ಣಗಾಗುವಂತೆ, ಪೋಷಕಾಂಶದ ನೀರನ್ನೂ ಗಡಿಗೆಯಲ್ಲೇ ಇಡಬಹುದಲ್ಲವೇ?
– ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮ ಯೋಚನೆಯ ತಳಹದಿ ಸರಿಯಾಗಿದೆ. ಒಂದು ಲೀಟರ್ ನೀರು ಆವಿಯಾಗುವಾಗ, ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖದ ಸುಮಾರು ಏಳು ಪಟ್ಟನ್ನು ಹೀರುತ್ತದೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವ ನಿಮ್ಮ ಊರಿನ ಒಣ ಗಾಳಿಯಲ್ಲಿ ಈ ಉಪಾಯ ಕರಾವಳಿಗಿಂತ ಎಷ್ಟೋ ಚೆನ್ನಾಗಿ ನಡೆಯುತ್ತದೆ. ಆದರೆ ಪೋಷಕಾಂಶದ ನೀರೇ ಗಡಿಗೆಯ ಮೈಯಿಂದ ಜಿನುಗಿದರೆ, ನೀರು ಆವಿಯಾಗಿ ಲವಣ ಹಿಂದುಳಿಯುತ್ತದೆ. ಕೆಲವೇ ವಾರಗಳಲ್ಲಿ ಹೊರಮೈಗೆ ಬಿಳಿ ಹೊಪ್ಪಳಿಕೆ ಕಟ್ಟಿ, ರಂಧ್ರಗಳು ಮುಚ್ಚಿ ತಂಪು ನಿಲ್ಲುತ್ತದೆ. ಅದರ ಬದಲು ದೊಡ್ಡ ಗಡಿಗೆಯೊಳಗೆ ಪ್ಲಾಸ್ಟಿಕ್ ಬಕೆಟ್ ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಬೆಳಿಗ್ಗೆ ಮತ್ತು ಮಧ್ಯಾಹ್ನ ಆ ಮರಳಿಗೆ ಸಾದಾ ನೀರು ಹನಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಕಾಲಾಂತರದಲ್ಲಿ ಸುಣ್ಣವೂ ಕಟ್ಟುತ್ತದೆ, ಆಗಾಗ ತೆಂಗಿನ ನಾರಿನಿಂದ ಹೊರಮೈ ಉಜ್ಜಬೇಕಾಗುತ್ತದೆ. ಗಡಿಗೆ ಸಿಗದಿದ್ದರೆ ಡ್ರಮ್ಮಿಗೆ ಒದ್ದೆ ಗೋಣಿ ತಾಟು ಸುತ್ತಿ, ನೆರಳಿನಲ್ಲಿ, ಗಾಳಿಗೆದುರಾಗಿ ಇಟ್ಟರೂ ನಡೆಯುತ್ತದೆ. ಥರ್ಮೋಕೋಲ್ ಸುತ್ತಿದ ಡ್ರಮ್ಮಿನ ಮೇಲೆ ಗೋಣಿ ಸುತ್ತಿದರೆ ಮಾತ್ರ ಪ್ರಯೋಜನವಿಲ್ಲ, ತಂಪು ಒಳಕ್ಕೆ ತಲುಪುವುದಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ತೊಟ್ಟಿಯ ನೀರು ಬೇಗ ಇಳಿಯುತ್ತದೆ. ಪ್ರತಿ ಸಲವೂ ಪೋಷಕಾಂಶ ಬೆರೆಸಿಯೇ ತುಂಬಬೇಕೇ?
– ಓದುಗರು, ಹರಿಹರ

ಉತ್ತರ: ಬೇಡ. ಬಿಸಿಲಿನಲ್ಲಿ ಗಿಡ ಲವಣಕ್ಕಿಂತ ನೀರನ್ನೇ ಹೆಚ್ಚು ಕುಡಿಯುವುದರಿಂದ ಉಳಿದ ನೀರು ಗಟ್ಟಿಯಾಗುತ್ತಾ ಹೋಗುತ್ತದೆ. ನೀರಿನ ವಿದ್ಯುತ್ ವಾಹಕತೆಯಿಂದ ಅದರಲ್ಲಿ ಕರಗಿದ ಲವಣದ ಪ್ರಮಾಣ ತಿಳಿಸುವ ಇಸಿ ಮೀಟರಿನಲ್ಲಿ ಅಳೆದು, ಸೊಪ್ಪಿನ ಬೆಳೆಗೆ 1.0ರಿಂದ 1.2 mS/cmನ (ಮಿಲಿಸೀಮೆನ್ಸ್ ಪ್ರತಿ ಸೆಂಟಿಮೀಟರ್) ಆಸುಪಾಸಿನಲ್ಲಿ ನಿಲ್ಲುವಂತೆ ಸಾದಾ ನೀರನ್ನೇ ಸೇರಿಸಿ. ಆ ನೀರನ್ನು ಹಗಲೆಲ್ಲ ಕಾದ ಓವರ್‌ಹೆಡ್ ಟ್ಯಾಂಕಿನಿಂದ ಹಿಡಿಯದೆ, ಬೆಳಗಿನ ಜಾವ ಸಂಪಿನಿಂದ ಎತ್ತಿ ತುಂಬಿ.