ಜಾಹೀರಾತಿನ ದುಡ್ಡು ನಿಮ್ಮ ಕಾರ್ಡಿನಿಂದ ಹೋಗಬಾರದು

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಸೀರೆ ಅಂಗಡಿಯೊಂದರ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳನ್ನು ಮನೆಯಿಂದಲೇ ನೋಡಿಕೊಳ್ಳುತ್ತೇನೆ. ಮಾತೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಆಗಿದ್ದು. ಜಾಹೀರಾತಿನ ಖರ್ಚನ್ನೂ ನನ್ನ ಕಾರ್ಡಿನಿಂದ ನಾನೇ ಕಟ್ಟಿದ್ದೇನೆ. ಮೂರು ತಿಂಗಳ ದುಡ್ಡು ಬಾಕಿ ಇದೆ. ಈಗ ಮಾಲೀಕರು ‘ಇನ್ಮೇಲೆ ವ್ಯಾಪಾರ ಆದ್ರೆ ಶೇ 10 ಕೊಡ್ತೀನಿ’ ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಉತ್ತರ: ಹಳೇ ಬಾಕಿ ತೀರುವ ತನಕ ಬೇಡಮ್ಮ.

ಸಹಿ ಹಾಕಿದ ಕಾಗದ ಇಲ್ಲ ಅಂತ ಹೆದರಬೇಡಿ. 1872ರ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆ ಇದೆ. ವಾಟ್ಸ್‌ಆ್ಯಪ್ ಮೆಸೇಜುಗಳು ಸಾಕ್ಷಿಯಾಗುತ್ತವೆ, ಒಂದನ್ನೂ ಅಳಿಸಬೇಡಿ. ಇವತ್ತೇ ತಿಂಗಳುವಾರು ಬಿಲ್ ಮಾಡಿ. ನಿಮ್ಮ ಕೆಲಸದ ಹಣ ಬೇರೆ, ಜಾಹೀರಾತಿಗೆ ಕಟ್ಟಿದ್ದು ಬೇರೆ ತೋರಿಸಿ, ರಸೀದಿಗಳನ್ನೂ ಸೇರಿಸಿ ಕಳಿಸಿ. ‘ಇಷ್ಟು ಬಾಕಿ, ಸರಿ ಅಲ್ವಾ ಸರ್?’ ಅಂತ ಕೇಳಿ. ‘ಹೂಂ, ಮುಂದಿನ ವಾರ ಕೊಡ್ತೀನಿ’ ಅಂತ ಅವರು ಬರೆದರೆ ನಿಮ್ಮ ಕೈ ಗಟ್ಟಿಯಾಯಿತು.

ನನಗೆ ಜಾಸ್ತಿ ಸಂಕಟವಾದದ್ದು ನಿಮ್ಮ ಕಾರ್ಡಿನ ವಿಷಯ. ಅದನ್ನು ಈಗಲೇ ತೆಗೆಸಿ. ಜಾಹೀರಾತಿನ ಖಾತೆ ಅಂಗಡಿಯ ಹೆಸರಲ್ಲಿರಲಿ, ಕಾರ್ಡು ಅವರದ್ದೇ ಇರಲಿ, ನಿಮಗೆ ಕೆಲಸ ಮಾಡುವಷ್ಟು ಅನುಮತಿ ಸಾಕು. ಇದು ಅವರಿಗೂ ಒಳ್ಳೆಯದು. ನಾಳೆ ನೀವು ಕೆಲಸ ಬಿಟ್ಟರೂ ಪುಟ, ಗ್ರಾಹಕರ ಮೆಸೇಜು ಎಲ್ಲ ಅಂಗಡಿಯಲ್ಲೇ ಉಳಿಯುತ್ತವೆ.

ಇನ್ನು ಶೇ 10. ನಿಮ್ಮ ರೀಲ್ ನೋಡಿದವರು ಸೀದಾ ಅಂಗಡಿಗೇ ಬಂದು ಸೀರೆ ಕೊಂಡರೆ ಅದು ಯಾರ ಲೆಕ್ಕ? ಖಾತೆ ಪುಸ್ತಕ ಇರೋದು ಅವರ ಹತ್ತಿರ. ಹಾಗಾಗಿ ತಿಂಗಳಿಗೆ ಇಂತಿಷ್ಟು ಅಂತ ನಿಗದಿ ಹಣ ಕೇಳಿ, ಅರ್ಧ ಮುಂಗಡ ಬಂದ ಮೇಲೆ ಕೆಲಸ ಶುರು ಮಾಡಿ. ಕಮಿಷನ್ ಏನಿದ್ದರೂ ಆ ನಿಗದಿ ಹಣದ ಜೊತೆಗೆ ಹೆಚ್ಚುವರಿಯಾಗಿ ಅಷ್ಟೇ. ಅದೂ ನೀವು ಕೊಟ್ಟ ಕೂಪನ್ ಕೋಡ್‌ನಿಂದ ಬಂದ ಆರ್ಡರುಗಳಿಗೆ ಮಾತ್ರ, ವಾಪಸಾದ ಮಾಲು ಕಳೆದು. ಪೋಸ್ಟ್ ಎಷ್ಟು, ತಿದ್ದುಪಡಿ ಎಷ್ಟು ಸಲ, ದುಡ್ಡು ಯಾವ ತಾರೀಕಿಗೆ, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು ಎಂಬುದೆಲ್ಲ ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿ.

ಮುಂದಿನ ಕೆಲಸಕ್ಕೆ ಮೊದಲು ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಪೂರ್ತಿ ಉಚಿತ, ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮಕ್ಕೆ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಆದರೆ ನೋಂದಣಿಗೆ ಮುಂಚಿನ ಬಾಕಿಗೆ ಇದನ್ನು ನೆಚ್ಚಿಕೊಳ್ಳಬೇಡಿ. ಅದಕ್ಕೆ ವಕೀಲರ ನೋಟಿಸೇ ದಾರಿ. ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಸಮಯ ಇರುತ್ತದೆ. ಅಷ್ಟು ದಿನ ಕಾಯಬೇಡಿ, ಬಿಲ್ ಕಳಿಸಿ 15 ದಿನ ನೋಡಿ ಸಾಕು.