ಪ್ರತಿಕ್ರಿಯೆ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 120 ಬೇಕಾ?

ನಮಸ್ಕಾರ. ರಸ್ತೆ ಇಷ್ಟು ಚೆನ್ನಾಗಿದೆ, ಕಾರುಗಳೂ ಗಟ್ಟಿಯಾಗಿವೆ, ಮತ್ತೆ ಗಂಟೆಗೆ 100 ಕಿಲೋಮೀಟರ್ ಅನ್ನೋ ವೇಗದ ಮಿತಿಯನ್ನು 120ಕ್ಕೆ ಏರಿಸಿದರೆ ಏನು ತೊಂದರೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಈಗಲೇ ಬೇಡ.

ಮೊದಲು ಲಾಭ ನೋಡೋಣ. ಹೆಚ್ಚು ಕಮ್ಮಿ 118 ಕಿಲೋಮೀಟರ್ ದಾರಿ. ಎಲ್ಲೂ ನಿಲ್ಲದೆ 100ರಲ್ಲಿ ಹೋದರೆ 71 ನಿಮಿಷ, 120ರಲ್ಲಿ 59. ಉಳಿಯೋದು ಬರೀ 12 ನಿಮಿಷ. ಕೆಂಗೇರಿ ಕಡೆಯ ಟ್ರಾಫಿಕ್ಕೇ ಅದನ್ನು ನುಂಗಿಬಿಡುತ್ತೆ, ಅಲ್ವಾ?

ಇನ್ನು ಅಪಾಯ. ಡಿಕ್ಕಿಯ ಹೊಡೆತ ವೇಗದ ವರ್ಗದಂತೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ, ಏರುತ್ತೆ. ವೇಗ 20% ಜಾಸ್ತಿಯಾದರೆ ಹೊಡೆತದ ಶಕ್ತಿ 44% ಜಾಸ್ತಿ. ರಾತ್ರಿ ಮದ್ದೂರಿನ ಹತ್ತಿರ ಹಿಂದಿನ ದೀಪವೇ ಇಲ್ಲದ ಕಬ್ಬಿನ ಲಾರಿ 40ರಲ್ಲಿ ಬಲಗಡೆ ಲೇನಿನಲ್ಲೇ ಹೋಗ್ತಿರುತ್ತೆ ಅಂದುಕೊಳ್ಳಿ. ನೀವು 120ರಲ್ಲಿದ್ದರೆ ಸೆಕೆಂಡಿಗೆ 22 ಮೀಟರ್‌ನಂತೆ ಅದರ ಹತ್ತಿರ ಹೋಗ್ತೀರಿ. ಕಾಲು ಬ್ರೇಕಿಗೆ ಹೋಗೋಷ್ಟರಲ್ಲಿ 30 ಮೀಟರ್ ಕರಗಿರುತ್ತೆ. ಏರ್‌ಬ್ಯಾಗ್ ಎಷ್ಟಿದ್ದರೂ ಲಾರಿಯ ಹಿಂಬದಿ ಕಾರಿನ ಗಾಜಿನ ಮಟ್ಟಕ್ಕೇ ಬರುತ್ತೆ. ನನಗೆ ನಿಜಕ್ಕೂ ಭಯವಾಗೋದು ಇದೇ.

2018ರಲ್ಲಿ ಕೇಂದ್ರ ಸರ್ಕಾರ ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರುಗಳಿಗೆ 120 ಅಂತ ಅಧಿಸೂಚನೆ ಹೊರಡಿಸಿತ್ತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ಹೆದ್ದಾರಿಯಲ್ಲೂ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು, ಆಮೇಲೆ ಕ್ಯಾಮೆರಾ ಹಾಕಿದರು. ಒಳ್ಳೆಯದೇ ಆಯಿತು.

ಲಾರಿಗಳು ಎಡಕ್ಕೆ ಹೋಗಲಿ, ಬೇಲಿ ಹಾರಿ ದಾಟುವ ಊರಿನವರಿಗೆ ಬೇಕಾದ ಕಡೆ ಮೇಲ್ಸೇತುವೆ ಆಗಲಿ. ಆಮೇಲೆ ಕೇಳಿ, 120ಕ್ಕೆ ನಾನೂ ಕೈ ಎತ್ತುತ್ತೇನೆ.