ಸ್ಟಾರ್ ಸ್ಯಾನ್ ನೀರು ಬೆಳ್ಳಗಾದರೆ ಚೆಲ್ಲಬೇಕಾ?

ನೀವು ಕೇಳಿದ್ದು ಎರಡು: ಹೋದ ವಾರ ಕಲಸಿಟ್ಟ ಸ್ಟಾರ್ ಸ್ಯಾನ್ (ಬಿಯರ್ ಪಾತ್ರೆಗಳ ಕ್ರಿಮಿ ಕೊಲ್ಲಲು ಬಳಸುವ ಆಸಿಡ್) ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಗಿದೆ, ಚೆಲ್ಲಬೇಕಾ? ಕಾರ್ಬಾಯ್ (ಬಿಯರ್ ಹುದುಗಿಸುವ ದೊಡ್ಡ ಬಾಟಲಿ) ಒಳಗೆ ಉಳಿದ ನೊರೆಯಿಂದ ಬಿಯರ್ ಹುಳಿಯಾಗುತ್ತಾ? ನಾನೂ ನಿಮ್ಮ ಹಾಗೆ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲೇ ಇರುವುದು, ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿ ಆರು ವರ್ಷ ಆಯಿತು.

ಬಣ್ಣ ನೋಡಬೇಡಿ, ಪಿಎಚ್ ನೋಡಿ, ಅಂದರೆ ಹುಳಿಯ ಅಳತೆ, ಅಂಕಿ ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. 3ಕ್ಕಿಂತ ಕೆಳಗಿದ್ದರೆ ಬಳಸಿ. ಮೇಲಿದ್ದರೆ ಚೆಲ್ಲಿ.

ಸ್ಟಾರ್ ಸ್ಯಾನ್‌ನಲ್ಲಿ ಎರಡು ಆಸಿಡ್ ಇರುತ್ತವೆ. ಒಂದು ಫಾಸ್ಫಾರಿಕ್, ಕೋಲಾದಲ್ಲಿ ಹಾಕುತ್ತಾರಲ್ಲ, ಅದೇ. ಇನ್ನೊಂದು ಡೋಡೆಸಿಲ್‌ಬೆಂಜೀನ್ ಸಲ್ಫೋನಿಕ್ ಆಸಿಡ್, ಡಿಟರ್ಜೆಂಟ್ ಜಾತಿಯದ್ದು, ನೊರೆ ಬರುವುದು ಇದರಿಂದ. ಬ್ಯಾಕ್ಟೀರಿಯಾದ ಪೊರೆ ಒಡೆಯುವ ಕೆಲಸ ಈ ಎರಡನೆಯದ್ದು, ಆದರೆ ನೀರು ಸಾಕಷ್ಟು ಹುಳಿ ಇದ್ದರೆ ಮಾತ್ರ ಅದು ಸರಿಯಾಗಿ ಹೋಗಿ ಅಂಟಿಕೊಳ್ಳುತ್ತದೆ, ಅದಕ್ಕೇ ಫಾಸ್ಫಾರಿಕ್ ಬೇಕು. ನಮ್ಮ ಊರಿನ ನಲ್ಲಿ ನೀರು ಹೆಚ್ಚಾಗಿ ಎಡ್ವರ್ಡ್ಸ್ ಅಕ್ವಿಫರ್‌ನದ್ದು, ಅಂದರೆ ಸುಣ್ಣಕಲ್ಲಿನ ಒಳಗಿಂದ ಬರುವ ಗಡಸು ನೀರು. ಅದರ ಕ್ಯಾಲ್ಸಿಯಂ ಆ ನೊರೆಯ ಆಸಿಡ್ ಜೊತೆ ಸೇರಿ ಬೆಳ್ಳಗೆ ಕದಡುತ್ತದೆ, ಬೈಕಾರ್ಬೊನೇಟ್ ಹುಳಿಯನ್ನು ಮುರಿಯುತ್ತದೆ.

ತಿಳಿಯಾಗಿದ್ದರೆ ಸರಿ ಇದೆ ಅಂತಲೂ ಅಲ್ಲ. ಒಮ್ಮೆ ನಾನು ಆರ್‌ಓ ನೀರಿನಲ್ಲಿ ಕಲಸಿ ಒಂದು ತಿಂಗಳು ಬಳಸಿದ್ದೆ, ಕನ್ನಡಿಯ ಹಾಗೆ ಇತ್ತು, ಆದರೆ ಪಿಬಿಡಬ್ಲ್ಯೂ ಅನ್ನುವ ತೊಳೆಯುವ ಪುಡಿಯಲ್ಲಿ ತೊಳೆದ ಡಬ್ಬಗಳನ್ನು ಸರಿಯಾಗಿ ಜಾಲಿಸದೆ ಅದರಲ್ಲೇ ಅದ್ದುತ್ತಿದ್ದೆ. ಪಿಬಿಡಬ್ಲ್ಯೂ ಕ್ಷಾರ, ಅಲ್ವಾ? ಬಿಯರ್ ಕೆಟ್ಟ ಮೇಲೆ ಆ ಸ್ಟಾರ್ ಸ್ಯಾನ್ ನೀರನ್ನು ಅಳೆದರೆ 3.6 ಇತ್ತು. 19 ಲೀಟರ್ ಪೇಲ್ ಏಲ್ ಚೆಲ್ಲಿದೆ, ಈಗಲೂ ಹೊಟ್ಟೆ ಉರಿಯುತ್ತದೆ.

ನಿಮ್ಮ ಪಿಎಚ್ ಅಳೆಯುವ ಕಾಗದದ ಪಟ್ಟಿ 3.5 ತೋರಿಸಿತು ಅಂದಿರಿ. ಅದು 1ರಿಂದ 14ರ ಅಗ್ಗದ ಪಟ್ಟಿಯಾದರೆ 3 ಯಾವುದು 4 ಯಾವುದು ಅಂತ ಅದಕ್ಕೇ ಗೊತ್ತಾಗಲ್ಲ. ಕಡಿಮೆ ಪಿಎಚ್‌ಗೆಂದೇ ಬರುವ ಪಟ್ಟಿ ತಗೊಳ್ಳಿ, ಮೀಟರ್ ಇದ್ದರೆ ಮೊದಲು 7.00 ಮತ್ತು 4.01 ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿ ಮಾಡಿಕೊಳ್ಳಿ. ಅಲ್ಲಿಯವರೆಗೆ ಈ ನೀರನ್ನು ನಂಬಬೇಡಿ. ಆ ನೀರಿಗೇ ಇನ್ನಷ್ಟು ಸ್ಟಾರ್ ಸ್ಯಾನ್ ಸುರಿದು ಸರಿ ಮಾಡಲೂ ಹೋಗಬೇಡಿ, ಸ್ಟಾರ್ ಸ್ಯಾನ್ ಬಳಸಿದ ಮೇಲೆ ಜಾಲಿಸಬೇಕಿಲ್ಲ ಅನ್ನುವ ಮಾತು ಹೇಳಿದ ಅಳತೆಯಲ್ಲಿ ಕಲಸಿದ್ದಕ್ಕೆ ಮಾತ್ರ. ಡಿಸ್ಟಿಲ್ಡ್ ನೀರಿನಲ್ಲಿ ಹೊಸದು ಕಲಸಿ, 19 ಲೀಟರ್‌ಗೆ 30 ಮಿಲಿ.

ನೊರೆಯ ಚಿಂತೆ ಬಿಡಿ. ಅದು ಕರಗಿ 30 ಮಿಲಿ ಆಯಿತು ಅಂತಲೇ ಇಟ್ಟುಕೊಳ್ಳಿ, ಅದರಲ್ಲಿ ಅಸಲು ಸ್ಟಾರ್ ಸ್ಯಾನ್ ಇರುವುದು ಒಂದು ಹನಿ. ಬಿಯರ್ ತಾನೇ ಹುದುಗಿ 4.0ರಿಂದ 4.6ರವರೆಗೆ ಇಳಿಯುತ್ತದೆ, ಒಂದು ಹನಿ ಅಲ್ಲಿ ಲೆಕ್ಕಕ್ಕೇ ಬರಲ್ಲ. ನಿಮ್ಮದು ನಿಜಕ್ಕೂ ಹುಳಿಯಾಗಿದ್ದರೆ ಕಾರಣ ಬ್ಯಾಕ್ಟೀರಿಯಾ ಇರಬಹುದು, ಬಿಯರ್ ಡಬ್ಬದ ನಲ್ಲಿಯ ಸಂದು, ಹಳೇ ಪೈಪು ಬಿಚ್ಚಿ ನೋಡಿ. ತೊಳೆಯಲು ಬ್ಲೀಚ್ ಬಳಸಿದರೆ ಚೆನ್ನಾಗಿ ಜಾಲಿಸಿದ ಮೇಲೆಯೇ ಸ್ಟಾರ್ ಸ್ಯಾನ್ ಮುಟ್ಟಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ.